ಸುಟ್ಟಿದ್ದು ಯಾವುದರ ಮೇಲೆ? ಒಂದು ಮೆಸ್ ಜಗಳದ ಅಧ್ಯಯನ

ಜಗಳ ಶುರುವಾಗಿದ್ದು ಮೆಸ್ಸಿನಲ್ಲಿ, ಒಂದು ಶನಿವಾರ ರಾತ್ರಿ. ಅವತ್ತು ಮೆನುವಿನಲ್ಲಿ ‘ಬಾರ್ಬೆಕ್ಯೂ ಪನೀರ್’ ಅಂತ ಬರೆದಿದ್ದರು. ತಟ್ಟೆಗೆ ಬಿದ್ದದ್ದು ಕೆಂಪು ಸಾಸಿನಲ್ಲಿ ಹೊರಳಾಡಿಸಿದ ಪನೀರ್. ಬೆಂಕಿಯ ವಾಸನೆಯೂ ಅದಕ್ಕೆ ಸೋಕಿರಲಿಲ್ಲ.

‘ಇದಕ್ಕ ಬಾರ್ಬೆಕ್ಯೂ ಅಂತಾರೇನಲೇ? ಸುಟ್ಟದ್ದು ತಿನ್ನಬೇಕಂದ್ರ ಸುಗ್ಗಿಗೆ ನಮ್ಮ ಹೊಲಕ್ಕ ಬರ್ರಿ, ಸೀತನಿ ತಿನ್ನಸ್ತೀನಿ’ ಅಂದ ನವಲಗುಂದದ ಗೆಳೆಯ. ಅಷ್ಟಕ್ಕೇ ಬೆಂಗಳೂರಿನವನು ಎದ್ದ: ‘ಮಗಾ, ಜೋಳ ಸುಟ್ರೆ ಬಾರ್ಬೆಕ್ಯೂನಾ? ರಂಜಾನ್ ಟೈಮಲ್ಲಿ ಫ್ರೇಜರ್ ಟೌನ್ ಮಾಸ್ಕ್ ರೋಡಿಗೆ ಬಾ, ಸೀಖ್ ಕಬಾಬ್ ಅಂದ್ರೆ ಏನು ಅಂತ ಗೊತ್ತಾಗತ್ತೆ.’ ಕುಂದಾಪುರದವನು ಸುಮ್ಮನಿರುತ್ತಾನೆಯೇ? ‘ಹೋಯ್, ಗೆರಟೆ ಕೆಂಡದಗೆ ಸುಟ್ಟ ಒಣಮೀನ್ ತಿಂದ್ ಕಂಡಿದ್ರಿಯಾ ನೀವ್?’ ಶಿರಸಿಯ ಗೆಳತಿ ಬಚ್ಚಲ ಒಲೆಯ ಹಲಸಿನ ಬೀಜ ತಂದಳು. ಮಡಿಕೇರಿಯವನು ಒಲೆಯ ಮೇಲೆ ತೂಗುಹಾಕಿದ ಹಂದಿ ಮಾಂಸ ತಂದ. ಹುಬ್ಬಳ್ಳಿಯವನೇ ಆದ ಇನ್ನೊಬ್ಬ, ‘ನಮ್ಮ ಸಾವಜಿ ಊಟದ ಮುಂದ ಇವೆಲ್ಲಾ ಏನೂ ಅಲ್ಲ’ ಅಂತ ತೀರ್ಪನ್ನೇ ಕೊಟ್ಟುಬಿಟ್ಟ.

ರಾತ್ರಿ ಹನ್ನೊಂದಾದರೂ ಇದು ಮುಗಿಯಲಿಲ್ಲ. ರುಚಿಯ ಮೇಲೆ ವಾದ ಮಾಡಿದರೆ ಮುಗಿಯುವುದೂ ಇಲ್ಲ, ಯಾಕಂದರೆ ಪ್ರತಿಯೊಬ್ಬರೂ ತಮ್ಮ ಅಜ್ಜಿಯ ಪರ ವಕೀಲರು. ಅದಕ್ಕೇ ನಮ್ಮ ಕನ್ನಡ ಸಂಘದವರು ಮರುದಿನ ಖಾಲಿ ಕ್ಲಾಸ್‌ರೂಮಿನ ಬೋರ್ಡಿನ ಮೇಲೆ ಮೂರು ಕಾಲಂ ಎಳೆದೆವು: ಏನು ಸುಡ್ತೀರಿ, ಯಾವುದರ ಮೇಲೆ ಸುಡ್ತೀರಿ, ಎಷ್ಟು ಹೊತ್ತು ಸುಡ್ತೀರಿ. ಆ ಬೋರ್ಡಿನಿಂದ ಹುಟ್ಟಿದ ಪಾಠ ಇದು.

ಮೊದಲು ಶಬ್ದ ಸರಿ ಮಾಡಿಕೊಳ್ಳೋಣ

ನಮ್ಮ ಅರ್ಧ ಜಗಳ ಶಬ್ದದ ಜಗಳವಾಗಿತ್ತು. ಕನ್ನಡದಲ್ಲಿ ಬೇಯಿಸೋದು ಬೇರೆ, ಹುರಿಯೋದು ಬೇರೆ, ಕರಿಯೋದು ಬೇರೆ, ಸುಡೋದು ಬೇರೆ. ಬೇಯಿಸುವಾಗ ಶಾಖ ನೀರಿನ ಮೂಲಕ ಬರುತ್ತದೆ, ಕರಿಯುವಾಗ ಎಣ್ಣೆಯ ಮೂಲಕ, ಹುರಿಯುವಾಗ ಬಾಣಲೆಯ ಲೋಹದ ಮೂಲಕ. ಸುಡುವಾಗ ಬೆಂಕಿಗೂ ಪದಾರ್ಥಕ್ಕೂ ನಡುವೆ ಪಾತ್ರೆಯೇ ಇಲ್ಲ. ಈ ಅಳತೆಗೋಲು ಹಿಡಿದರೆ ಸಾವಜಿ ಮಟನ್ ಎಷ್ಟೇ ಖಾರವಾಗಿ, ಎಷ್ಟೇ ರುಚಿಯಾಗಿದ್ದರೂ ಪಾತ್ರೆಯ ಅಡುಗೆ. ಹುಬ್ಬಳ್ಳಿಯವನು ಬೇಸರ ಮಾಡಿಕೊಂಡ, ಆದರೆ ಆ ಕಾಲಂನಿಂದ ಸಾವಜಿ ಹೊರಗೆ ಹೋಯಿತು. ನಮ್ಮ ಹೋಟೆಲುಗಳಲ್ಲಿ ‘ಚಿಕನ್ ಕಬಾಬ್’ ಅಂತ ಕೊಡುವ ಕೆಂಪು ತುಂಡುಗಳೂ ಹೊರಗೆ ಹೋದವು, ಅವು ಎಣ್ಣೆಯಲ್ಲಿ ಕರಿದವು. ಕಬಾಬ್ ಅನ್ನೋ ಹೆಸರು ಕೆಂಡದಿಂದ ಬಂದು ಕರ್ನಾಟಕದಲ್ಲಿ ಎಣ್ಣೆ ಬಾಣಲೆಯೊಳಗೆ ಇಳಿದಿದೆ.

ಬಾರ್ಬೆಕ್ಯೂ ಅನ್ನೋ ಶಬ್ದ ಕೆರಿಬಿಯನ್ ದ್ವೀಪಗಳ ಜನರ ಮಾತಿನಿಂದ ಸ್ಪ್ಯಾನಿಶಿನ ‘ಬಾರ್ಬಕೋವಾ’ ಆಗಿ ಇಂಗ್ಲಿಷಿಗೆ ಬಂದದ್ದು. ಅಮೆರಿಕದಲ್ಲಿ ಇದರ ಮೇಲೆ ನಮ್ಮ ಮೆಸ್ಸಿಗಿಂತ ದೊಡ್ಡ ಜಗಳ ಇದೆ. ಟೆಕ್ಸಾಸಿನವರಿಗೆ ಓಕ್ ಕಟ್ಟಿಗೆಯ ಹೊಗೆಯಲ್ಲಿ ತಾಸುಗಟ್ಟಲೆ ಬೆಂದ ದನದ ಎದೆಭಾಗದ ಮಾಂಸವೇ ಬಾರ್ಬೆಕ್ಯೂ. ಕ್ಯಾರೊಲಿನಾದವರಿಗೆ ವಿನೆಗರ್ ಹಾಕಿದ ಹಂದಿ ಮಾಂಸ. ಕಾನ್ಸಾಸ್ ಸಿಟಿಯವರಿಗೆ ಗಟ್ಟಿ ಸಿಹಿ ಸಾಸ್ ಇಲ್ಲದಿದ್ದರೆ ಆಗುವುದಿಲ್ಲ. ಅಲ್ಲಿಯೂ ಸರಿಯಾಗಿ ನೋಡಿದರೆ, ಯಾವ ಸೀಮೆಯಲ್ಲಿ ಯಾವ ಪ್ರಾಣಿ ಸಾಕುತ್ತಿದ್ದರು, ಯಾವ ಮರ ಸುತ್ತ ಬೆಳೆಯುತ್ತಿತ್ತು ಅನ್ನೋದೇ ಶೈಲಿಯಾಗಿದೆ. ಈ ಎಳೆ ಹಿಡಿದು ನಮ್ಮ ಬೋರ್ಡನ್ನು ಮತ್ತೆ ನೋಡಿದೆವು.

ಕೆಂಡದ ಲೆಕ್ಕ

ಹೀಟ್ ಟ್ರಾನ್ಸ್‌ಫರ್ ಪರೀಕ್ಷೆಗೆ ಓದಿ ಮರೆತ ಸೂತ್ರ ಇಲ್ಲಿ ಕೆಲಸಕ್ಕೆ ಬರುತ್ತದೆ. ಉರಿಯ ಮೇಲೆ ಸುಡುವುದಕ್ಕೂ ಕೆಂಡದ ಮೇಲೆ ಸುಡುವುದಕ್ಕೂ ಬಹಳ ವ್ಯತ್ಯಾಸ. ಉರಿ ಅಂದರೆ ಉರಿಯುತ್ತಿರುವ ಅನಿಲ. ಅದು ಗಾಳಿಗೆ ಅಲ್ಲಾಡುತ್ತದೆ, ಮಸಿ ಹಿಡಿಸುತ್ತದೆ, ಒಂದು ಕಡೆ ಕರಕಲು ಮಾಡಿ ಇನ್ನೊಂದು ಕಡೆ ಹಸಿ ಬಿಡುತ್ತದೆ. ಕೆಂಡ ಅಂದರೆ ಉಳಿದ ಇಂಗಾಲ. ಅದರಿಂದ ಶಾಖ ಮುಖ್ಯವಾಗಿ ವಿಕಿರಣದ ಮೂಲಕ ಬರುತ್ತದೆ, ಒಂದೇ ಸಮನೆ ಬರುತ್ತದೆ.

ಸ್ಟೀಫನ್-ಬೋಲ್ಟ್ಜ್‌ಮನ್ ನಿಯಮದ ಪ್ರಕಾರ ವಿಕಿರಣ ಕೆಲ್ವಿನ್ ಉಷ್ಣಾಂಶದ ನಾಲ್ಕನೇ ಘಾತಕ್ಕೆ ಅನುಪಾತದಲ್ಲಿದೆ. 1000 ಕೆಲ್ವಿನ್, ಅಂದರೆ ಸುಮಾರು 727 ಡಿಗ್ರಿ ಸೆಲ್ಸಿಯಸ್ ಇರುವ ಆದರ್ಶ ಕಪ್ಪು ಮೇಲ್ಮೈ ಪ್ರತಿ ಚದರ ಮೀಟರಿಗೆ ಸುಮಾರು 57 ಕಿಲೋವ್ಯಾಟ್ ಸೂಸುತ್ತದೆ. ಅದೇ 800 ಕೆಲ್ವಿನ್ನಿಗೆ ಇಳಿದರೆ ಸುಮಾರು 23 ಕಿಲೋವ್ಯಾಟ್. ಉಷ್ಣಾಂಶ ಇಳಿದಿದ್ದು ಶೇ. 20, ಶಾಖ ಇಳಿದಿದ್ದು ಅರ್ಧಕ್ಕಿಂತ ಹೆಚ್ಚು. ಕಬಾಬಿನವರು ಬೀಸಣಿಕೆ ಹಿಡಿದು ಯಾಕೆ ಬೀಸುತ್ತಲೇ ಇರುತ್ತಾರೆ, ಅವ್ವ ಗೆಣಸು ಹುಗಿಯುವ ಮೊದಲು ಕೆಂಡದ ಮೇಲೆ ಯಾಕೆ ಬೂದಿ ಎಳೆಯುತ್ತಾಳೆ ಅನ್ನೋದಕ್ಕೆ ಉತ್ತರ ಇಲ್ಲಿದೆ. ಗಾಳಿ ಬೀಸಿದರೆ ಆಮ್ಲಜನಕ ಹೆಚ್ಚಿ ಕೆಂಡದ ಉಷ್ಣಾಂಶ ಏರುತ್ತದೆ. ಬೂದಿ ಮುಚ್ಚಿದರೆ ಗಾಳಿ ಕಡಿಮೆಯಾಗುತ್ತದೆ, ಮೇಲ್ಮೈ ತಣಿಯುತ್ತದೆ. ಬೀಸಣಿಕೆಯೂ ಬೂದಿಯೂ ನಮ್ಮ ಹಿರಿಯರ ರೆಗ್ಯುಲೇಟರ್.

ಇನ್ನು ರುಚಿ. ಪದಾರ್ಥದ ಮೇಲ್ಮೈಯಲ್ಲಿ ನೀರು ಇರುವ ತನಕ ಅದರ ಉಷ್ಣಾಂಶ 100 ಡಿಗ್ರಿ ದಾಟಲು ಒದ್ದಾಡುತ್ತದೆ. ನೀರು ಆರಿ ಮೇಲ್ಮೈ 140 ಡಿಗ್ರಿಯ ಆಸುಪಾಸಿಗೆ ಬಂದ ಮೇಲೆ ಅಮೈನೋ ಆಮ್ಲ ಮತ್ತು ಸಕ್ಕರೆ ಕೂಡಿ ಕಂದು ಬಣ್ಣ, ಘಮ ಎರಡನ್ನೂ ಜೋರಾಗಿ ಹುಟ್ಟಿಸುತ್ತವೆ. ಇದನ್ನು 1912ರಲ್ಲಿ ವಿವರಿಸಿದ ಫ್ರಾನ್ಸಿನ ಲೂಯಿ ಕಮಿಲ್ ಮೈಯಾರ್ ಹೆಸರಿನಲ್ಲೇ ಈ ಕ್ರಿಯೆಯನ್ನು ಕರೆಯುತ್ತಾರೆ. ಹೊಗೆಯ ರುಚಿಯದು ಬೇರೆ ದಾರಿ. ಕಟ್ಟಿಗೆಯ ಲಿಗ್ನಿನ್ ಒಡೆದಾಗ ಗ್ವಾಯಕಾಲ್, ಸಿರಿಂಗಾಲ್ ಮುಂತಾದವು ಹುಟ್ಟುತ್ತವೆ. ನಾವು ‘ಹೊಗಿ ವಾಸನಿ’ ಅನ್ನೋದು ಬಹುಮಟ್ಟಿಗೆ ಇವನ್ನೇ.

ಸೀಮೆಗೊಂದು ಕೆಂಡ

ಈಗ ಬೋರ್ಡಿನ ಎರಡನೇ ಕಾಲಂ ನೋಡಿ.

ಕರಾವಳಿ: ಗೆರಟೆ, ಅಂದರೆ ತೆಂಗಿನ ಚಿಪ್ಪು. ಗಟ್ಟಿ, ಲಿಗ್ನಿನ್ ಹೆಚ್ಚು, ಕೆಂಡವಾದರೆ ಬಿರುಸು. ಆ ಬಿರುಸು ಕೆಂಡಕ್ಕೆ ಒಣಮೀನು ಸರಿಯಾದ ಜೋಡಿ, ಎರಡು ನಿಮಿಷದಲ್ಲಿ ಸುಟ್ಟು, ತೆಂಗಿನಕಾಯಿ ಮೆಣಸಿನ ಜೊತೆ ಚಟ್ನಿ ಆಗುತ್ತದೆ. ಕರ್ನಾಟಕ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಹಸಿ ಮೀನು ಅಪರೂಪವಾಗುವ ಆ ಮಳೆಗಾಲದ ಊಟ ಅದು.

ಮಲೆನಾಡು: ಬಚ್ಚಲ ಒಲೆ. ಸ್ನಾನದ ಹಂಡೆ ಕಾಯಿಸಲು ಬೆಳಗಿನಿಂದ ಕುಂಟೆ ಉರಿಯುತ್ತದೆ, ಆಮೇಲೆ ಬಿಸಿ ಬೂದಿ ಉಳಿಯುತ್ತದೆ. ಅದರಲ್ಲಿ ಹಲಸಿನ ಬೀಜ, ಗೇರುಬೀಜ, ಗೆಣಸು, ಹಳ್ಳದ ಏಡಿ. ಗೊಜ್ಜಿಗೆ ಬದನೆಕಾಯಿ. ಇಲ್ಲಿ ಸುಡುವುದಕ್ಕೆ ಅಂತ ಯಾರೂ ಬೆಂಕಿ ಹಾಕುವುದಿಲ್ಲ, ವ್ಯರ್ಥ ಹೋಗುವ ಶಾಖವನ್ನು ಮಕ್ಕಳು ಬಳಸಿಕೊಳ್ಳುತ್ತಾರೆ. ನಮ್ಮ ಮೆಕ್ಯಾನಿಕಲ್ ಗೆಳೆಯರ ಭಾಷೆಯಲ್ಲಿ ‘ವೇಸ್ಟ್ ಹೀಟ್ ರಿಕವರಿ’.

ಕೊಡಗು: ಆರ್ದ್ರತೆ ಜಾಸ್ತಿ, ಮಳೆ ತಿಂಗಳುಗಟ್ಟಲೆ. ಮಾಂಸ ಕೆಡದಂತೆ ಇಡುವುದೇ ಮೊದಲ ಪ್ರಶ್ನೆ. ಅದಕ್ಕೇ ಒಲೆಯ ಮೇಲೆ ಹೊಗೆಯಲ್ಲಿ ತೂಗುಹಾಕಿದ ಮಾಂಸ. ಹೊಗೆ ಅಲ್ಲಿ ಮೊದಲು ಸಂರಕ್ಷಣೆ, ಆಮೇಲೆ ರುಚಿ.

ಬೆಂಗಳೂರು: ಇದ್ದಿಲು. ಪೇಟೆಯಲ್ಲಿ ಕಟ್ಟಿಗೆ ಇಡಲು ಜಾಗ ಇಲ್ಲ, ಹೊಗೆ ಎಬ್ಬಿಸುವಂತಿಲ್ಲ, ಗಿರಾಕಿ ಎದುರಿಗೇ ನಿಂತಿರುತ್ತಾನೆ. ಹಗುರ, ಹೊಗೆ ಕಡಿಮೆ, ಬೀಸಿದರೆ ತಕ್ಷಣ ಕೆಂಪಾಗುವ ಇದ್ದಿಲು, ಅದರ ಮೇಲೆ ಸರಳಿಗೆ ತೆಳ್ಳಗೆ ಅಂಟಿಸಿದ ಕೈಮಾ. ಬೇಗ ಬೇಯಬೇಕು, ಬೇಗ ಮಾರಾಟವಾಗಬೇಕು.

ನಮ್ಮ ಬಯಲುಸೀಮೆ: ನವಲಗುಂದ, ಅಣ್ಣಿಗೇರಿ ಕಡೆಯ ಎರೆ ಭೂಮಿಯಲ್ಲಿ ನಿಂತು ಸುತ್ತ ನೋಡಿದರೆ ಮರವೇ ಕಡಿಮೆ. ಕಟ್ಟಿಗೆ ಎಲ್ಲಿಂದ ತರೋದು? ಇರೋದು ಎತ್ತು, ಎಮ್ಮೆ. ಅದಕ್ಕೇ ಕುಳ್ಳು. ಸಗಣಿ ಕುಳ್ಳಿನಲ್ಲಿ ಬೂದಿ ಹೆಚ್ಚು, ಶಾಖ ಇದ್ದಿಲಿಗಿಂತ ಬಹಳ ಕಡಿಮೆ. ತೂಕಕ್ಕೆ ತೂಕ ನೋಡಿದರೆ ಅರ್ಧವೂ ಬರುವುದಿಲ್ಲ. ಕೇಳಲು ಕೊರತೆ ಅನ್ನಿಸುತ್ತದೆ. ಆದರೆ ಮೆತ್ತಗೆ, ನಿಧಾನ, ಒಂದೇ ಸಮನೆ ಶಾಖ ಬೇಕಾದ ಪದಾರ್ಥಕ್ಕೆ ಇದೇ ತಕ್ಕದ್ದು. ಅಂಥ ಪದಾರ್ಥವೇ ಸೀತನಿ.

ಬೋರ್ಡಿನ ಮುಂದೆ ನಿಂತಾಗ ನಮಗೆ ಹೊಳೆದದ್ದು ಇಷ್ಟೇ. ಯಾವ ಊರಿನದು ರುಚಿ ಅನ್ನುವ ಪ್ರಶ್ನೆಗೆ ಉತ್ತರ ಇಲ್ಲ. ಯಾವುದರ ಮೇಲೆ ಸುಟ್ಟಿರಿ ಅಂತ ಕೇಳಿದರೆ ಆ ಊರಿನ ಮಳೆ, ಮಣ್ಣು, ದನ, ಕೆಲಸ ಎಲ್ಲಾ ಉತ್ತರವಾಗಿ ಬರುತ್ತದೆ.

ಸೀತನಿ ತಿನ್ನಲು ಹೋದದ್ದು

ಓದಿ ಬಿಟ್ಟರೆ ಆಗಲಿಲ್ಲ. ಜನವರಿಯಲ್ಲಿ ಎಳ್ಳ ಅಮಾವಾಸ್ಯೆ ಆದ ಮೇಲಿನ ಒಂದು ಭಾನುವಾರ ನಾವು ಎಂಟು ಮಂದಿ ನವಲಗುಂದದ ಗೆಳೆಯನ ಹೊಲಕ್ಕೆ ಹೋದೆವು.

ಸೀತನಿ ಅಂದರೆ ಸೀ ತೆನೆ, ಸಿಹಿ ತೆನೆ. ಸೆಪ್ಟೆಂಬರ್-ಅಕ್ಟೋಬರಿನಲ್ಲಿ ಬಿತ್ತಿದ ಹಿಂಗಾರಿ ಜೋಳ ಕಾಳು ಕಟ್ಟುವಾಗ ಗಿಡದ ಸಕ್ಕರೆ ಕಾಳಿಗೆ ಇಳಿದು ನಿಧಾನಕ್ಕೆ ಪಿಷ್ಟವಾಗುತ್ತದೆ. ಹಾಲು ತುಂಬಿ, ಇನ್ನೂ ಗಟ್ಟಿಯಾಗದೆ, ಹಿಚುಕಿದರೆ ಹಿಟ್ಟಿನ ಮುದ್ದೆಯಂತೆ ಇರುವ ಕೆಲವೇ ದಿನ ಸೀತನಿಯ ಹದ. ಬೇಗ ಕಿತ್ತರೆ ನೀರು, ತಡ ಮಾಡಿದರೆ ರೊಟ್ಟಿಯ ಜೋಳ. ‘ಸಕ್ಕರಿ ಮುಕ್ಕರಿ’ ಅಂತ ಸೀತನಿಗೆ ಹೆಸರಾದ ನಾಟಿ ತಳಿಯೂ ಈ ಕಡೆ ಇದೆ. ಮಹಾರಾಷ್ಟ್ರದಲ್ಲಿ ಇದನ್ನೇ ಹುರಡಾ ಅನ್ನುತ್ತಾರೆ, ಗುಜರಾತಿನ ಸೂರತ್ ಕಡೆ ಪೋಂಕ್. ಎರೆ ಮಣ್ಣು, ಚಳಿಗಾಲದ ಜೋಳ ಇರುವಲ್ಲೆಲ್ಲಾ ಈ ಸಂಭ್ರಮ ಇದೆ.

ಗೆಳೆಯನ ಅಪ್ಪ, ನಾವೆಲ್ಲಾ ಕಾಕಾ ಅಂತ ಕರೆದೆವು, ಮೊಣಕಾಲುದ್ದದ ಗುಂಡಿ ತೋಡಿ ಕುಳ್ಳು ಒಟ್ಟಿ ಹೊತ್ತಿಸಿದರು. ನಾವು ಹಸಿವಿನಿಂದ ತೆನೆ ಹಿಡಿದು ಮುಂದೆ ಹೋದರೆ ತಡೆದರು: ‘ತಡೀರಿ ತಮ್ಮಾ, ಉರಿಗೆ ಹಿಡದ್ರ ಹೊಟ್ಟು ಸುಡತೈತಿ, ಕಾಳು ಹಸಿ ಉಳಿತೈತಿ. ಹೊಗಿ ಹೋಗಲಿ, ಕೆಂಡ ಬೆಳ್ಳಗಾಗಲಿ.’ ಮುಕ್ಕಾಲು ತಾಸು ಸುಮ್ಮನೆ ಕೂತೆವು. ಆಮೇಲೆ ತೆನೆಗಳನ್ನು ಕೆಂಡದಲ್ಲಿ ಇಟ್ಟು, ಮೇಲಿಂದ ಬಿಸಿ ಬೂದಿ ಎಳೆದು, ಹೊರಳಿಸುತ್ತಾ ಹೋದರು. ಕಾಳಿನ ಸುತ್ತ ಹೊಟ್ಟು ಇರುವುದರಿಂದ ಒಳಗಿನ ನೀರು ಆವಿಯಾಗಿ ಕಾಳನ್ನು ಬೇಯಿಸುತ್ತದೆ, ಹೊರಗಿನ ಹೊಟ್ಟು ಒಣಗಿ ಸಡಿಲವಾಗುತ್ತದೆ. ಒಂದೇ ಕೆಲಸದಲ್ಲಿ ಬೇಯಿಸೋದೂ ಆಯಿತು, ಬಿಡಿಸೋದಕ್ಕೆ ತಯಾರೂ ಆಯಿತು.

ಆಮೇಲೆ ತಿಕ್ಕುವ ಕೆಲಸ. ಬಿಸಿ ತೆನೆಯನ್ನು ಅಂಗೈಯಲ್ಲಿ ತಿಕ್ಕಿ ಕಾಳು ಬಿಡಿಸಿ, ಮರದಲ್ಲಿ ಹಾಕಿ ಕೇರಬೇಕು. ಕೇರುವುದನ್ನು ಕಲಿಸಲು ಕಾಕು ಕೂತರು. ನಮ್ಮ ಕೈ ಹತ್ತು ನಿಮಿಷಕ್ಕೇ ಕೆಂಪಾದವು. ಹಸಿರು ಮುತ್ತಿನಂಥ ಕಾಳು, ಮೇಲೆ ಶೇಂಗಾ ಚಟ್ನಿ, ಗುರೆಳ್ಳ ಪುಡಿ, ಗಟ್ಟಿ ಮೊಸರು, ಕಡೆಗೆ ಒಂದು ತುಂಡು ಬೆಲ್ಲ. ಬದುವಿನಲ್ಲಿದ್ದ ಸುಲಗಾಯಿಯನ್ನೂ ಅದೇ ಕೆಂಡದಲ್ಲಿ ಸುಟ್ಟು ಕೊಟ್ಟರು. ಬೆಂಗಳೂರಿನವನು ಮೂರನೇ ಸಲ ಹಾಕಿಸಿಕೊಂಡಾಗ ನವಲಗುಂದದವನು ಏನೂ ಅನ್ನಲಿಲ್ಲ, ಬರೀ ನಕ್ಕ.

ತಿಂದು ಮುಗಿದ ಮೇಲೆ ನಾವು ಕೇಳಿದೆವು: ‘ಕಾಕಾ, ಹೊಲದಾಗ ಜೋಳ ಇಷ್ಟ ಐತೇನ್ರಿ?’ ನಾವು ಕೂತಿದ್ದು ಅರ್ಧ ಎಕರೆಯ ಜೋಳದ ಪಟ್ಟಿಯಲ್ಲಿ. ಉಳಿದದ್ದೆಲ್ಲಾ ಕಡಲೆ. ಕಾಕಾ ಬೆರಳು ಮಡಚುತ್ತಾ ಲೆಕ್ಕ ಹೇಳಿದರು. ಜೋಳ ಕೀಳಾಕ ಆಳು ಸಿಗಂಗಿಲ್ಲ. ಹಕ್ಕಿ ಕಾಯಾಕ ದಿನಾ ಒಬ್ಬರು ಇರಬೇಕು, ಹುಡುಗರೆಲ್ಲಾ ಸಾಲಿ ಕಾಲೇಜು ಅಂತ ಹೋಗ್ಯಾರ. ಎತ್ತು ಮಾರಿ ಟ್ರ್ಯಾಕ್ಟರ್ ಬಂದ ಮ್ಯಾಲ ಕಣಕಿ ಯಾರಿಗೆ ಬೇಕು? ಎತ್ತು ಇಲ್ಲಂದ್ರ ಕುಳ್ಳೂ ಇಲ್ಲ. ‘ಸೀತನಿಗೆ ಪ್ಯಾಟ್ಯಾಗ ಬೇಡಿಕಿ ಐತಿ. ಆದ್ರ ತಿಕ್ಕಾವ್ರು ಯಾರು? ಇವತ್ತ ತಿಕ್ಕಿದ್ದು ನಾಳೆ ಮುಗ್ಗಾಗತೈತಿ.’

ನಮ್ಮಲ್ಲಿ ಯಾರಿಗೂ ತಕ್ಷಣ ಉತ್ತರ ಹೊಳೆಯಲಿಲ್ಲ. 2023ನ್ನು ವಿಶ್ವಸಂಸ್ಥೆ ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷ ಅಂತ ಘೋಷಿಸಿದಾಗ ನಾವು ಪೋಸ್ಟರ್ ಸ್ಪರ್ಧೆ ಮಾಡಿದ್ದೆವು. ಜೋಳವೂ ಆ ಪಟ್ಟಿಯಲ್ಲಿತ್ತು. ಪೋಸ್ಟರಿನಲ್ಲಿ ತಿಕ್ಕುವವರ ಅಂಗೈ ಬಂದಿರಲಿಲ್ಲ. ಸುಟ್ಟ ಹಸಿ ಕಾಳನ್ನು ಜಜ್ಜದಂತೆ ಬಿಡಿಸುವುದು, ಅದರ ತೇವ, ಒತ್ತಡ, ಮರುದಿನದವರೆಗೆ ಕೆಡದಂತೆ ಇಡುವುದು, ಇವೆಲ್ಲಾ ನಮ್ಮ ಸಿಲಬಸ್ಸಿನ ಒಳಗಿನ ಪ್ರಶ್ನೆಗಳೇ. ಅಂತಿಮ ವರ್ಷದ ಪ್ರಾಜೆಕ್ಟಿಗೆ ವಿಷಯ ಇಲ್ಲ ಅಂತ ಅಲೆಯುವವರು ಒಮ್ಮೆ ಹೊಲಕ್ಕೆ ಹೋಗಿ ಅರ್ಧ ತಾಸು ತೆನೆ ತಿಕ್ಕಿ ನೋಡಿ.

ಒಂದು ಎಚ್ಚರಿಕೆ

ಇದನ್ನು ಓದಿ ಯಾರಾದರೂ ರೂಮಿನಲ್ಲೇ ಸಿಗಡಿ ಹೊತ್ತಿಸುವ ಮೊದಲು ನಮ್ಮದೇ ಒಂದು ತಪ್ಪು ಹೇಳಿಬಿಡುತ್ತೇವೆ. ಕಳೆದ ಮಳೆಗಾಲದಲ್ಲಿ ನಮ್ಮಲ್ಲಿ ಆರು ಮಂದಿ ಒಂದು ಬಾಡಿಗೆ ಮನೆಯ ಮಾಳಿಗೆ ಮೇಲೆ ಇದ್ದಿಲ ಸಿಗಡಿ ಇಟ್ಟು ಗೊಂಜಾಳ ಸುಡುತ್ತಿದ್ದೆವು. ಮಳೆ ಬಂತು. ಸಿಗಡಿಯನ್ನು ಒಳಗೆ ತಂದು, ಎರಚಲು ಬರುತ್ತದೆ ಅಂತ ಕಿಟಕಿ ಹಾಕಿದೆವು. ಹೊಗೆ ಇರಲಿಲ್ಲ, ಹಾಗಾಗಿ ಹೆದರಿಕೆಯೂ ಇರಲಿಲ್ಲ. ಅರ್ಧ ತಾಸಿನಲ್ಲಿ ಇಬ್ಬರಿಗೆ ತಲೆನೋವು, ಒಬ್ಬನಿಗೆ ವಾಕರಿಕೆ. ಕೆಳಗಿನ ಮನೆಯ ಅಜ್ಜಿ ವಾಸನೆ ಹಿಡಿದು ಮೇಲೆ ಬಂದವರೇ ಬಾಗಿಲು ತೆರೆದು ಬೈದು ನಮ್ಮನ್ನು ಹೊರಗೆ ಹಾಕಿದರು: ‘ಸಾಯಾಕ ಬಂದೀರೇನ್ರೋ ಇಲ್ಲೆ?’

ಅಜ್ಜಿ ಹೇಳಿದ್ದು ಅಕ್ಷರಶಃ ನಿಜ. ಗಾಳಿ ಸಾಲದಿದ್ದರೆ ಇಂಗಾಲ ಪೂರ್ತಿ ಉರಿಯದೆ ಕಾರ್ಬನ್ ಮೊನಾಕ್ಸೈಡ್ ಆಗುತ್ತದೆ. ಕೆಂಡದ ರಾಶಿಯೊಳಗೆ ಹುಟ್ಟಿದ ಕಾರ್ಬನ್ ಡೈಆಕ್ಸೈಡ್ ಕೂಡಾ ಬಿಸಿ ಇಂಗಾಲದ ಮೇಲೆ ಹಾದು ಮೊನಾಕ್ಸೈಡ್ ಆಗಬಲ್ಲದು. ಈ ಅನಿಲಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ಅಜ್ಜಿಯ ಮೂಗಿಗೆ ಬಂದದ್ದು ಗೊಂಜಾಳದ ಕರಕಲು ವಾಸನೆ. ಅದು ಇಲ್ಲದಿದ್ದರೆ ಅವರೂ ಬರುತ್ತಿರಲಿಲ್ಲ. ನಮ್ಮ ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಗಟ್ಟಿಯಾಗಿ ಇದನ್ನು ಹಿಡಿದುಕೊಳ್ಳುತ್ತದೆ. ಹೊಗೆ ಇಲ್ಲದ ಇದ್ದಿಲೇ ಮುಚ್ಚಿದ ಕೋಣೆಯಲ್ಲಿ ಹೆಚ್ಚು ಅಪಾಯ, ಯಾಕಂದರೆ ಅದು ಕಣ್ಣು ಉರಿಸಿ ಎಬ್ಬಿಸುವುದಿಲ್ಲ. ಕೆಂಡ ಯಾವಾಗಲೂ ಬಯಲಿನಲ್ಲಿ. ಮಳೆ ಬಂದರೆ ತಿನಿಸನ್ನು ಒಳಗೆ ತನ್ನಿ, ಸಿಗಡಿ ನೆನೆಯಲಿ.

ಇನ್ನೊಂದು ಸಣ್ಣ ಮಾತು: ಮಾಂಸದ ಕೊಬ್ಬು ಕೆಂಡಕ್ಕೆ ತೊಟ್ಟಿಕ್ಕಿ ಏಳುವ ಹೊಗೆಯಲ್ಲಿ ಬೆಂಜೋಪೈರೀನ್‌ನಂಥ ಕೆಟ್ಟ ಸಂಯುಕ್ತಗಳಿರುತ್ತವೆ. ಕೆಂಡವನ್ನು ಸ್ವಲ್ಪ ಬದಿಗೆ ಸರಿಸಿ ಸುಡಿ, ಕರಕಲಾದ ಭಾಗ ಕೆತ್ತಿ ಬಿಸಾಡಿ.

ಹಾಗಾದರೆ ಎಲ್ಲಿ ತಿನ್ನಬೇಕು?

ಇಷ್ಟು ಓದಿದವರಿಗೆ ಪಟ್ಟಿ ಕೊಡದಿದ್ದರೆ ಅನ್ಯಾಯ. ಮಳೆಗಾಲದ ಸಂಜೆ ಉಣಕಲ್ ಕೆರೆಯ ದಂಡೆಯಲ್ಲಿ ಉಪ್ಪು, ಖಾರ, ನಿಂಬೆಹಣ್ಣು ತಿಕ್ಕಿದ ಸುಟ್ಟ ಗೊಂಜಾಳ. ಕೆಂಡ ಬೀಸುವಾಗ ಹಾರುವ ಕಿಡಿ ನೋಡುತ್ತಾ ಕಾಯುವುದೂ ಅದರ ರುಚಿಯ ಭಾಗ. ರಂಜಾನ್ ತಿಂಗಳ ರಾತ್ರಿ ಹುಬ್ಬಳ್ಳಿಯ ಶಾ ಬಜಾರದ ಸುತ್ತ ಸೀಖ್ ಕಬಾಬ್, ಸರಳಿನಿಂದ ಆಗಷ್ಟೇ ಇಳಿಸಿದ್ದು. ಹೆದ್ದಾರಿ ಧಾಬಾಗಳಲ್ಲಿ ತಂದೂರಿನ ರೊಟ್ಟಿ. ಅದು ಒಲೆಯ ಬಿಸಿ ಗೋಡೆಗೆ ಅಂಟಿ ಬೇಯುವುದರಿಂದ ನಮ್ಮ ಲೆಕ್ಕದಲ್ಲಿ ಅರ್ಧ ಅಂಕ. ಶಾಕಾಹಾರಿ ಗೆಳೆಯರಿಗೆ, ಯಾರದಾದರೂ ಹಳ್ಳಿ ಮನೆಯಲ್ಲಿ ಒಲೆಯ ಕೆಂಡದಲ್ಲಿ ಸುಟ್ಟ ಬದನಿಕಾಯಿ, ಮ್ಯಾಲ ಹಸಿ ಎಣ್ಣಿ, ಬಳ್ಳೊಳ್ಳಿ, ಕೆಂಡಕ್ಕೆ ಹಿಡಿದು ಉಬ್ಬಿಸಿದ ಬಿಸಿ ರೊಟ್ಟಿ. ಚಳಿಗಾಲದಲ್ಲಿ ಮಾತ್ರ ಸೀತನಿ, ಅದೂ ಹೊಲದಲ್ಲೇ. ಕವರಿನಲ್ಲಿ ತಂದು ಮೈಕ್ರೋವೇವಿನಲ್ಲಿ ಬಿಸಿ ಮಾಡಿದರೆ ಅದರ ಹೊಗೆಯೂ ಇಲ್ಲ, ಹದವೂ ಇಲ್ಲ.

ಈ ರಜೆಗೆ ಊರಿಗೆ ಹೋದಾಗ ನಿಮ್ಮ ಅಜ್ಜ-ಅಜ್ಜಿಗೆ ಒಂದೇ ಪ್ರಶ್ನೆ ಕೇಳಿ: ನೀವು ಸಣ್ಣವರಿದ್ದಾಗ ಏನು ಸುಟ್ಟು ತಿಂತಿದ್ರಿ, ಯಾವುದರ ಮೇಲೆ? ಉತ್ತರವನ್ನು ನಾಲ್ಕು ಸಾಲಿನಲ್ಲಿ ಬರೆದು ಸಂಘಕ್ಕೆ ಕಳಿಸಿ. ನಮ್ಮ ಬೋರ್ಡಿನಲ್ಲಿ ಕಲಬುರಗಿ, ಬಳ್ಳಾರಿ, ಚಾಮರಾಜನಗರ, ಕಾಸರಗೋಡಿನ ಸಾಲುಗಳು ಇನ್ನೂ ಖಾಲಿ ಇವೆ.

ನವಲಗುಂದದಿಂದ ಸಂಜೆ ಬಸ್ಸಿಗೆ ಹೊರಟಾಗ ಕಾಕಾ ಬದುವಿನ ತನಕ ಬಂದರು. ಬರುವ ವರ್ಷ ಜೋಳ ಬಿತ್ತತೀರೇನು ಅಂತ ನಾವು ಕೇಳಲು ಹಿಂಜರಿಯುತ್ತಿದ್ದೆವು. ಅವರೇ ಹೇಳಿದರು: ‘ತಿಕ್ಕಾಕ ಬರೋದಾದ್ರ ಮದಲ ಫೋನ್ ಹಚ್ಚಿ ಹೇಳ್ರಿ. ನಾಕ ಸಾಲು ಹೆಚ್ಚಿಗಿ ಬಿತ್ತತೀನಿ.’

ಹೋಗಲು ಹದಿನಾಲ್ಕು ಮಂದಿ ಹೆಸರು ಕೊಟ್ಟಿದ್ದಾರೆ. ಬಿತ್ತನೆಗೆ ಮುಂಚೆ ಫೋನ್ ಮಾಡಬೇಕು.